ಜೀನ್ಸ್ ಹಾಕುವ ಆಫೀಸಿನ ಇಂಟರ್‌ವ್ಯೂಗೆ ನಾನು ಬಟ್ಟೆ ಆರಿಸಿದ್ದು ಹೀಗೆ

ಬ್ಯಾಂಕಿಗೋ ಸರ್ಕಾರಿ ಕಚೇರಿಗೋ ಇಂಟರ್‌ವ್ಯೂ ಇದ್ದರೆ ಬಟ್ಟೆಯ ವಿಷಯದಲ್ಲಿ ದೊಡ್ಡ ಗೊಂದಲ ಇರುವುದಿಲ್ಲ. ಇಸ್ತ್ರಿ ಮಾಡಿದ ತಿಳಿ ಬಣ್ಣದ ಶರ್ಟು, ಗಾಢ ಬಣ್ಣದ ಪ್ಯಾಂಟು, ಪಾಲಿಶ್ ಹಾಕಿದ ಶೂ. ಹೆಣ್ಣುಮಕ್ಕಳಾದರೆ ಕಾಟನ್ ಸೀರೆ, ಇಲ್ಲಾಂದ್ರೆ ಸಾದಾ ಚೂಡಿದಾರ. ಅಲ್ಲಿಗೆ ಮುಗಿಯಿತು. ಕಷ್ಟ ಶುರುವಾಗುವುದು ಎಲ್ಲರೂ ಟೀ ಶರ್ಟು, ಜೀನ್ಸ್‌ನಲ್ಲಿ ಓಡಾಡುವ ಆಫೀಸಿಗೆ ಹೋಗಬೇಕಾದಾಗ. ಅಲ್ಲಿ ನಿಯಮವೇ ಇಲ್ಲ ಅಂತ ಹೇಳುತ್ತಾರೆ. ಆದರೆ ಎಲ್ಲೂ ಬರೆದಿಡದ ನಿಯಮ ಇದ್ದೇ ಇರುತ್ತದೆ. ಒಳಗೆ ಗೆಳೆಯರಿದ್ದವರಿಗೆ ಅದು ಮೊದಲೇ ಗೊತ್ತು. ಹಾವೇರಿಯಿಂದಲೋ ಗದಗದಿಂದಲೋ ಬಂದು, ಮನೆತನದಲ್ಲೇ ಮೊದಲ ಸಲ ಇಂಥ ಕೆಲಸ ಹುಡುಕುತ್ತಿರುವ ಹುಡುಗಿಗೆ ಯಾರು ಹೇಳುತ್ತಾರೆ? ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯವಳು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಬೆಂಗಳೂರಿನ ದೊಡ್ಡ ಸರ್ವಿಸ್ ಕಂಪನಿಯೊಂದರಲ್ಲಿ ಹಲವು ವರ್ಷ ಫಾರ್ಮಲ್ ಬಟ್ಟೆಯಲ್ಲೇ ಕಳೆದೆ. 2015ರಲ್ಲಿ ಇನ್ಫೋಸಿಸ್ ವಾರಪೂರ್ತಿ ಕ್ಯಾಶುವಲ್ ಬಟ್ಟೆಗೆ ಒಪ್ಪಿದಾಗ ನಮ್ಮ ಕ್ಯಾಂಟೀನಿನಲ್ಲೂ ಅದೇ ಮಾತು. 2019ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನಂಥ ಹಳೇ ಬ್ಯಾಂಕೂ ನಿಯಮ ಸಡಿಲಿಸಿತು. ಆದರೆ ನಿಯಮ ಸಡಿಲವಾದದ್ದು ಅಲ್ಲಿ ಕೆಲಸ ಮಾಡುವವರಿಗೆ. ಹೊರಗಿನಿಂದ ಇಂಟರ್‌ವ್ಯೂಗೆ ಬರುವವರು ಏನು ಹಾಕಬೇಕು ಅನ್ನುವುದು ಆಗಲೂ ಪ್ರಶ್ನೆಯೇ, ಈಗಲೂ ಪ್ರಶ್ನೆಯೇ. ಸ್ವಂತ ಸಾಫ್ಟ್‌ವೇರ್ ಮಾಡಿ ಮಾರುವ, ಎಚ್‌ಎಸ್‌ಆರ್ ಲೇಔಟಿನ ಒಂದು ಸಣ್ಣ ಪ್ರಾಡಕ್ಟ್ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂದಾಗ ಅದೇ ಪ್ರಶ್ನೆ ನನ್ನ ಮುಂದೆಯೂ ಬಂತು.

ಮೊದಲು ಎಚ್‌ಆರ್‌ಗೆ ಫೋನ್ ಮಾಡಿ ಕೇಳಿದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಒಂದೇ ಪ್ರಶ್ನೆ ಕೇಳಿದರೆ ಸಾಲದು. ನಾನು ಎರಡು ಕೇಳಿದೆ. ನಿಮ್ಮ ಆಫೀಸಿನಲ್ಲಿ ದಿನಾ ಏನು ಹಾಕಿಕೊಂಡು ಬರುತ್ತಾರೆ? ಇಂಟರ್‌ವ್ಯೂಗೆ ಬರುವವರು ಸಾಮಾನ್ಯವಾಗಿ ಏನು ಹಾಕಿರುತ್ತಾರೆ? ಮೊದಲನೆಯದಕ್ಕೆ "ಏನು ಬೇಕಾದರೂ, ಶಾರ್ಟ್ಸ್ ಹಾಕುವವರೂ ಇದ್ದಾರೆ" ಅಂದರು. ಎರಡನೆಯದಕ್ಕೆ ಸ್ವಲ್ಪ ಯೋಚಿಸಿ, "ಶರ್ಟು ಜೀನ್ಸು, ಕುರ್ತಾ, ಹಾಗೆ" ಅಂದರು. ಕೆಲಸಕ್ಕೆ ಬಂದದ್ದು ಎರಡನೇ ಉತ್ತರ. ಮೊದಲನೆಯದನ್ನಷ್ಟೇ ನಂಬಿ ಶಾರ್ಟ್ಸ್ ಹಾಕಿಕೊಂಡು ಹೋಗುವುದು ಬೇಡ. ಅದು ಒಳಗಿನವರು ಕೆಲಸ ಮಾಡಿ ತೋರಿಸಿ ಗಳಿಸಿಕೊಂಡ ಸಲಿಗೆ.

ಕಂಪನಿಯ ಲಿಂಕ್ಡ್‌ಇನ್ ಪುಟದ ಫೋಟೋಗಳನ್ನೂ ನೋಡಿದೆ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅಲ್ಲಿರುವುದು ಹೆಚ್ಚಾಗಿ ದೀಪಾವಳಿ, ರಾಜ್ಯೋತ್ಸವ, ಟೀಮ್ ಔಟಿಂಗ್‌ನ ಫೋಟೋಗಳು. ರೇಷ್ಮೆ ಸೀರೆ, ಹಳದಿ ಕೆಂಪು ಶಾಲು, ಕಂಪನಿ ಹಂಚಿದ ಟೀ ಶರ್ಟು. ಅವು ಯಾವುದೋ ಒಂದು ದಿನದ ಬಟ್ಟೆ. ನಾನು ನೋಡಿದ್ದು ಫೋಟೋದ ಹಿಂಬದಿಯಲ್ಲಿ ಮೇಜಿನ ಮುಂದೆ ಕೂತು ಸುಮ್ನೆ ಕೆಲಸ ಮಾಡುತ್ತಿದ್ದವರನ್ನು. ಅವರು ಫೋಟೋಕ್ಕೆ ಅಂತ ಬಟ್ಟೆ ಹಾಕಿರುವುದಿಲ್ಲ.

ಬಟ್ಟೆ ಆರಿಸುವಾಗ ನಾನು ಕನ್ನಡಿಗಿಂತ ಜಾಸ್ತಿ ಯೋಚಿಸಿದ್ದು ಆ ದಿನ ನನ್ನ ಕೈಕಾಲು ಏನೇನು ಮಾಡಬೇಕು ಅಂತ. ಬಸ್ಸಿನಲ್ಲಿ ಕೂರಬೇಕು. ಎಸಿ ರೂಮಿನಲ್ಲಿ ಗಂಟೆಗಟ್ಟಲೆ ಇರಬೇಕು. ವೈಟ್‌ಬೋರ್ಡಿನ ಮುಂದೆ ಕೈ ಎತ್ತಿ ಬರೆಯಬೇಕು. ಚಕ್ರದ ಕುರ್ಚಿಯಲ್ಲಿ ಕೂತು ಆಕಡೆ ಈಕಡೆ ತಿರುಗಬೇಕು. ತಲೆ ಪೂರ್ತಿ ಪ್ರಶ್ನೆಯ ಮೇಲೆ ಇರಬೇಕಾದ ಹೊತ್ತಿನಲ್ಲಿ ಭುಜ ಜಗ್ಗುವ ಕುರ್ತಾ, ಜಾರುವ ದುಪಟ್ಟಾ ಇದ್ದರೆ ಅರ್ಧ ಗಮನ ಅಲ್ಲಿಗೇ ಹೋಗುತ್ತದೆ.

ಅಮ್ಮನಿಗೆ ನಾನು ಇಳಕಲ್ ಸೀರೆ ಉಟ್ಟು ಹೋಗಲಿ ಅಂತ ಆಸೆ. ನನಗೂ ಅದರ ಟೋಪ್ ತೆನಿ ವಿನ್ಯಾಸದ ಸೆರಗು ಅಂದರೆ ಪ್ರಾಣ. ಆದರೆ ಇಂಟರ್‌ವ್ಯೂನಲ್ಲಿ ವೈಟ್‌ಬೋರ್ಡ್ ಸುತ್ತು ಇತ್ತು. ನನಗೆ ದಿನಾ ಸೀರೆ ಉಟ್ಟು ಓಡಾಡುವ ರೂಢಿ ಇಲ್ಲ. ಅದಕ್ಕೇ ಬೇಡ ಅಂದೆ. ರೂಢಿ ಇರುವವರು ಖಂಡಿತ ಉಟ್ಟು ಹೋಗಲಿ. ಎಲ್ಲರೂ ಜೀನ್ಸ್ ಹಾಕಿರುವ ಕಡೆ ಕಾಟನ್ ಸೀರೆ ಉಟ್ಟರೆ ಜಾಸ್ತಿಯಾಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜರಿ ಮಿಂಚದಿದ್ದರೆ ಸಾಕು.

ಕೊನೆಗೆ ಆರಿಸಿದ್ದು ಮೊಣಕಾಲವರೆಗಿನ ಕೈಮಗ್ಗದ ಕುರ್ತಾ ಮತ್ತು ಕಪ್ಪು ನೇರ ಪ್ಯಾಂಟು. ಕುರ್ತಾ ತಂದದ್ದು ಬೆಂಗಳೂರಿನ 'ದೇಸಿ' ಅನ್ನುವ ಅಂಗಡಿಯಿಂದ. ಸಾಗರದ ಹತ್ತಿರ ಹೆಗ್ಗೋಡಿನ ಚರಕ ಸಂಸ್ಥೆಯ ಹೆಣ್ಣುಮಕ್ಕಳ ಕೆಲಸ ಅದು. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಿಂದ ಬಂದ ಕಂದು ಬಣ್ಣ. ಕುರ್ತಾದ ದೊಡ್ಡ ಅನುಕೂಲ ಅಂದರೆ ಅದು ಆ ಕಡೆಗೂ ಸಲ್ಲುತ್ತದೆ, ಈ ಕಡೆಗೂ ಸಲ್ಲುತ್ತದೆ. ಬ್ಲೇಜರ್ ಹಾಕಿದವರ ಪಕ್ಕ ಕೂತರೂ ಕಡಿಮೆ ಅನ್ನಿಸುವುದಿಲ್ಲ, ಟೀ ಶರ್ಟಿನವರ ಎದುರು ಕೂತರೂ ಅತಿ ಅನ್ನಿಸುವುದಿಲ್ಲ. ದಪ್ಪ ನೇಯ್ಗೆಯಾದ್ದರಿಂದ ಸುಕ್ಕು ಬಿದ್ದರೂ ಅಷ್ಟಾಗಿ ಕಾಣುವುದಿಲ್ಲ. ಯಾವುದೇ ಬಟ್ಟೆ ಕೊಳ್ಳುವಾಗ ಅದರ ಅಂಚನ್ನು ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಬಿಗಿಯಾಗಿ ಹಿಡಿದು ಬಿಡುತ್ತೇನೆ. ಗೆರೆ ಹಾಗೇ ನಿಂತರೆ ಬಸ್ಸಿನಿಂದ ಇಳಿಯುವಾಗಲೂ ಅದೇ ಗತಿ. ಲಿನನ್ ಈ ಪರೀಕ್ಷೆಯಲ್ಲಿ ಪಾಸಾಗುವುದೇ ಇಲ್ಲ.

ಅದರ ತೋಳನ್ನು ಮುಕ್ಕಾಲಿಗೆ ಇಳಿಸಿ ಅಂತ ದರ್ಜಿಗೆ ಹೇಳಿದೆ. ಉದ್ದ ತೋಳಿದ್ದರೆ ವೈಟ್‌ಬೋರ್ಡಿನ ಮಾರ್ಕರ್ ಮಸಿ ಅಂಚಿಗೆ ಮೆತ್ತಿಕೊಳ್ಳುತ್ತದೆ. ಒಂದು ಜೇಬು ಕೂಡ ಇಡಿಸಿದೆ. ಫೋನು ಅಲ್ಲಿಟ್ಟರೆ ಎರಡೂ ಕೈ ಖಾಲಿ. ದುಪಟ್ಟಾ ಬಿಟ್ಟೆ. ಅದರ ತುದಿ ಚಕ್ರದ ಕುರ್ಚಿಗೆ ಸಿಕ್ಕಿಕೊಳ್ಳುವುದನ್ನು ಹಳೇ ಆಫೀಸಿನಲ್ಲಿ ಬೇಕಾದಷ್ಟು ನೋಡಿದ್ದೆ. ಎಸಿಯ ಚಳಿಗೆ ತೆಳುವಾದ ಖಾದಿ ಜಾಕೆಟ್ ಬ್ಯಾಗಿನಲ್ಲಿತ್ತು. ಗಾಜಿನ ಬಳೆಯನ್ನೂ ತೆಗೆದಿಟ್ಟೆ. ಲ್ಯಾಪ್‌ಟಾಪ್ ಮೇಲೆ ಕೈ ಇಟ್ಟಾಗಲೆಲ್ಲ ಸದ್ದು ಮಾಡುತ್ತವೆ. ಆಮೇಲೆ ಇದನ್ನೆಲ್ಲ ಹಾಕಿಕೊಂಡೇ ಒಂದಿಡೀ ದಿನ ಹಳೇ ಆಫೀಸಿಗೆ ಹೋಗಿ ಬಂದೆ. ಹೊಸ ಬಟ್ಟೆಯನ್ನು ಇಂಟರ್‌ವ್ಯೂ ದಿನವೇ ಮೊದಲು ಹಾಕಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲಿ ಚುಚ್ಚುತ್ತದೆ, ಎಲ್ಲಿ ಬಿಗಿಯುತ್ತದೆ ಅನ್ನುವುದು ಟ್ರಯಲ್ ರೂಮಿನಲ್ಲಿ ಗೊತ್ತಾಗುವುದಿಲ್ಲ.

ಚಪ್ಪಲಿ, ಶೂ ಬಗ್ಗೆ ಬೆಂಗಳೂರಿನಲ್ಲಿ ಬೇರೆಯೇ ಯೋಚನೆ ಬೇಕು. ಎಚ್‌ಎಸ್‌ಆರ್, ಕೋರಮಂಗಲ, ಇಂದಿರಾನಗರದ ಕೆಲವು ಸಣ್ಣ ಕಂಪನಿಗಳು ಮನೆಗಳನ್ನೇ ಆಫೀಸು ಮಾಡಿಕೊಂಡಿವೆ. ಅಂಥ ಕೆಲವು ಕಡೆ ಬಾಗಿಲಲ್ಲೇ ಶೂ ಬಿಡಿ ಅನ್ನುತ್ತಾರೆ. ಹಾಗಾಗಿ ಸಾಕ್ಸ್ ತೂತಿಲ್ಲದ್ದು, ತೊಳೆದದ್ದು ಇರಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆ ಮಳೆ ಹೊಡೆಯುತ್ತದೆ. ಸಿಲ್ಕ್ ಬೋರ್ಡ್ ಕಡೆ ನೀರು ನಿಂತರೆ ಬಿಳಿ ಸ್ನೀಕರ್ಸ್ ಕಥೆ ಮುಗಿಯಿತು. ನಾನು ಹಾಕಿದ್ದು ಕಪ್ಪು ಕಟ್ ಶೂ. ಪ್ಯಾಂಟು ಗಿಣ್ಣಿನ ಮೇಲೆ ನಿಲ್ಲುವಷ್ಟು ಉದ್ದ. ಕೆಸರು ಸಿಡಿದರೂ ಬಟ್ಟೆಗೆ ತಾಗುವುದು ಕಡಿಮೆ.

ಗಂಡುಮಕ್ಕಳಿಗೆ ಹೇಳಬೇಕಾದದ್ದು ಸ್ವಲ್ಪವೇ. ನನ್ನ ತಮ್ಮನಿಗೂ ಇದನ್ನೇ ಹೇಳಿದ್ದೆ. ಕಾಲರ್ ಇರುವ ಸಾದಾ ಶರ್ಟು ಅಥವಾ ಪೋಲೋ ಟೀ ಶರ್ಟು, ಹರಿಯದ ಗಾಢ ನೀಲಿ ಜೀನ್ಸ್ ಅಥವಾ ಚಿನೋಸ್, ಒರೆಸಿದ ಸ್ನೀಕರ್ಸ್. ಶರ್ಟನ್ನು ಹೊರಗೆ ಬಿಡುವುದಾದರೆ ಕೆಳಗಿನ ಅಂಚು ನೇರವಾಗಿರಲಿ. ಮುಂದೆ ಹಿಂದೆ ಬಾಲದ ಹಾಗೆ ಇಳಿದಿರುವ ಶರ್ಟು ಇನ್‌ಶರ್ಟ್ ಮಾಡಲಿಕ್ಕೆ ಹೊಲಿದದ್ದು. ಬೆವರುವವರು ಬೂದು ಬಣ್ಣ, ಆಕಾಶ ನೀಲಿ ಬಿಡಿ. ಕಂಕುಳಿನ ಒದ್ದೆ ತಕ್ಷಣ ಕಾಣುತ್ತದೆ. ಕಡು ನೀಲಿಯಲ್ಲಿ ಅಷ್ಟು ಕಾಣುವುದಿಲ್ಲ. ಸೆಂಟ್ ಹಾಕಲೇಬೇಡಿ. ಮೀಟಿಂಗ್ ರೂಮುಗಳು ಚಿಕ್ಕವು, ಕಿಟಕಿ ತೆರೆಯುವುದಿಲ್ಲ, ಎದುರಿಗಿದ್ದವರಿಗೆ ತಲೆನೋವು ಬರಬಹುದು.

ಮೊದಲ ಸುತ್ತು ಈಗ ಹೆಚ್ಚಾಗಿ ವಿಡಿಯೋದಲ್ಲೇ ನಡೆಯುತ್ತದೆ. ಅದಕ್ಕೆ ಬೇರೆ ಲೆಕ್ಕ. ಸಣ್ಣ ಗೆರೆ, ಸಣ್ಣ ಚೌಕಳಿ ಇರುವ ಬಟ್ಟೆ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಮಿನುಗುತ್ತದೆ, ನೋಡುವವರ ಕಣ್ಣಿಗೆ ಹಿಂಸೆ. ಅಪ್ಪಟ ಬಿಳಿ ಹಾಕಿದರೆ ಕ್ಯಾಮೆರಾ ತಾನೇ ಬೆಳಕು ತಗ್ಗಿಸುತ್ತದೆ. ನಮ್ಮಂಥ ಕಂದು ಮೈಬಣ್ಣದವರ ಮುಖ ಇನ್ನೂ ಕಪ್ಪಾಗಿ, ಕಣ್ಣೇ ಕಾಣದ ಹಾಗೆ ಆಗುತ್ತದೆ. ಗೋಡೆಯ ಬಣ್ಣವನ್ನೇ ಹಾಕಿದರೆ ಭುಜ ಗೋಡೆಯಲ್ಲಿ ಸೇರಿಹೋಗುತ್ತದೆ. ಹಿಂದಿನ ರಾತ್ರಿ ಅದೇ ಜಾಗದಲ್ಲಿ, ಅದೇ ದೀಪದಲ್ಲಿ ಕೂತು ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ನೋಡಿಕೊಂಡೆ. ಉದ್ದ ಓಲೆ ಹೆಡ್‌ಸೆಟ್ ಮೈಕಿಗೆ ತಾಗಿ ಕರಕರ ಸದ್ದು ಬರುತ್ತಿತ್ತು. ಸಣ್ಣ ಓಲೆಗೆ ಬದಲಾಯಿಸಿದೆ.

ಕೆಲಸ ಸಿಕ್ಕಿತು. ಈಗ ನಾನೂ ಇಂಟರ್‌ವ್ಯೂ ಮಾಡುವವರ ಸಾಲಿನಲ್ಲಿ ಕೂರುತ್ತೇನೆ. ಬಟ್ಟೆ ನೋಡಿ ನಾವು ಅಂಕ ಕೊಡುವುದಿಲ್ಲ. ಆದರೆ ಟೈ ಬಿಗಿದು, ಬ್ಲೇಜರ್ ಹಾಕಿ ಬಂದ ಹುಡುಗ ಒಳಗೆ ಕಾಲಿಟ್ಟ ತಕ್ಷಣ ಸುತ್ತ ನೋಡಿ ಕುಗ್ಗುವುದನ್ನು ಕಂಡಿದ್ದೇನೆ. ಮೊದಲ ಕೆಲವು ಪ್ರಶ್ನೆಗಳಿಗೆ ಅವನ ದನಿಯೇ ಏಳುವುದಿಲ್ಲ. ಸಾಲ ಮಾಡಿ ಕೊಂಡ ಬ್ಲೇಜರೋ ಏನೋ ಅಂತ ನನಗೆ ಸಂಕಟವಾಗುತ್ತದೆ. ಅವನು ಗೌರವದಿಂದಲೇ ತಯಾರಾಗಿ ಬಂದಿದ್ದಾನೆ. ಹೇಳಬೇಕಾಗಿದ್ದವರು ನಾವು, ಅಲ್ವಾ? ಅದಕ್ಕೇ ಎಚ್‌ಆರ್ ಜೊತೆ ಕೂತು ಇಂಟರ್‌ವ್ಯೂ ಮೇಲ್‌ನಲ್ಲಿ ಎರಡು ಸಾಲು ಸೇರಿಸಿದೆವು. "ನಮ್ಮಲ್ಲಿ ಜೀನ್ಸ್, ಕುರ್ತಾ, ಶರ್ಟು ಹಾಕಿ ಬರುತ್ತಾರೆ. ಬ್ಲೇಜರ್, ಟೈ ಬೇಡ, ಹೊಸ ಬಟ್ಟೆ ಕೊಳ್ಳುವುದೂ ಬೇಡ." ಬಾಗಿಲಲ್ಲಿ ಶೂ ಬಿಡಬೇಕು ಅನ್ನುವುದನ್ನೂ ಬರೆದೆವು. ಪೈಸೆ ಖರ್ಚಿಲ್ಲದ ಕೆಲಸ. ಇಂಟರ್‌ವ್ಯೂಗೆ ಕರೆಯುವ ಎಲ್ಲರೂ ಇದನ್ನು ಮಾಡಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಆ ಮೇಲ್ ನೋಡಿದವರು ಈಗ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಎರಡನೇ ಸುತ್ತಿಗೆ ಮತ್ತೆ ಅದೇ ಬಟ್ಟೆ ಹಾಕಬಹುದಾ? ಧಾರಾಳವಾಗಿ ಹಾಕಬಹುದು. ಸುತ್ತು ಬದಲಾದ ಹಾಗೆ ಎದುರಿಗೆ ಕೂರುವವರೂ ಸಾಮಾನ್ಯವಾಗಿ ಬದಲಾಗುತ್ತಾರೆ. ಮೊದಲಿನವರೇ ಮತ್ತೆ ಕೂತರೂ ಅವರಿಗೆ ನೆನಪಿರುವುದಿಲ್ಲ. ನಾನು ಕೊನೇ ಸುತ್ತಿಗೂ ಅದೇ ಕಂದು ಕುರ್ತಾ ಒಗೆದು, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಕಿ ತೊಟ್ಟುಕೊಂಡು ಹೋಗಿದ್ದೆ.