ಕಾರಣ ಇದ್ದದ್ದು ಕೊನೆಯ ಸಾಲಿನಲ್ಲಿ

ಮರಣ ದಾಖಲೆಗಳನ್ನು ಕಾರಣದ ಪ್ರಕಾರ ವಿಂಗಡಿಸುವ ಪ್ರೋಗ್ರಾಂ ಬರೆಯಲು ಕೂತಾಗ ಇದೇನು ಮಹಾ ಕೆಲಸ ಅಂದುಕೊಂಡಿದ್ದೆ. ವೈದ್ಯರು ಬರೆದದ್ದನ್ನು ಓದಿ ಐಸಿಡಿ-10 (ಕಾಯಿಲೆ, ಗಾಯಗಳಿಗೆಲ್ಲ ಗುರುತು ಕೊಡುವ ಅಂತರರಾಷ್ಟ್ರೀಯ ಪಟ್ಟಿ) ಕೋಡ್ ಹಾಕಿದರಾಯಿತು, ಅಲ್ವಾ?

ಮೊದಲ ಸಲ ಓಡಿಸಿದಾಗ ಅಂಕ ಚೆನ್ನಾಗಿಯೇ ಬಂತು. ಆಮೇಲೆ ತಪ್ಪಿದವನ್ನು ಒಂದೊಂದಾಗಿ ತೆರೆದೆ. ಒಂದು ದಾಖಲೆಯಲ್ಲಿ ಎ ಸಾಲು: ರಕ್ತಕ್ಕೆ ನಂಜು. ಬಿ: ನ್ಯುಮೋನಿಯಾ. ಸಿ: ಸೊಂಟದ ಮೂಳೆ ಮುರಿತ. ಡಿ: ಜಾರಿ ಬಿದ್ದದ್ದು. ಮಾಡೆಲ್, ಅಂದರೆ ಪ್ರೋಗ್ರಾಂನಲ್ಲಿ ಉದಾಹರಣೆಗಳಿಂದ ಕಲಿಯುವ ಭಾಗ, ನಂಜು ಅಂದಿತ್ತು. ಸರಿ ಉತ್ತರ ಬಿದ್ದದ್ದು, ಅಂದರೆ ಬೀಳುವಂಥ ಅಪಘಾತಗಳಿರುವ ಡಬ್ಲ್ಯೂ ಗುಂಪಿನ ಕೋಡ್. ವಿಶ್ವ ಆರೋಗ್ಯ ಸಂಸ್ಥೆಯ ನಮೂನೆಯೇ ಹಾಗೆ: ಸಾವಿಗೆ ತೀರಾ ಹತ್ತಿರದ ಕಾರಣ ಮೇಲೆ, ಎಲ್ಲವನ್ನೂ ಶುರು ಮಾಡಿದ ಮೂಲ ಕಾರಣ ಕೆಳಗೆ. ಎಣಿಕೆಗೆ ಬೇಕಾದದ್ದು ಆ ಮೂಲ ಕಾರಣ.

ತಪ್ಪು ನನ್ನದೇ. ನಾಲ್ಕೂ ಸಾಲನ್ನು ಸುಮ್ನೆ ಒಂದಕ್ಕೊಂದು ಅಂಟಿಸಿ ಪದ ಎಣಿಸಿದ್ದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಕಳೆದುಹೋಗಿತ್ತು. ಪ್ರತಿ ಪದಕ್ಕೂ ಅದರ ಸಾಲಿನ ಗುರುತು ಹಚ್ಚಿದೆ. ಡಿ ಸಾಲಿನ 'ಬಿದ್ದದ್ದು' ಬೇರೆ, ಸಾವಿಗೆ ಜೊತೆಗೂಡಿದ ಇತರ ಕಾರಣಗಳನ್ನು ಬರೆಯುವ ನಮೂನೆಯ ಎರಡನೇ ಭಾಗದಲ್ಲಿ ಬರುವ 'ಬಿದ್ದದ್ದು' ಬೇರೆ. ಇಷ್ಟಕ್ಕೇ ಅಪಘಾತದ ಸಾವುಗಳು ಎಷ್ಟೋ ಸರಿಹೋದವು.

ಆದರೂ ಎಷ್ಟೋ ವೈದ್ಯರು ಸಾಲುಗಳನ್ನು ತಲೆಕೆಳಗಾಗಿ ಬರೆದಿರುತ್ತಾರೆ. ನ್ಯುಮೋನಿಯಾದಿಂದ ಮೂಳೆ ಮುರಿಯಿತು ಅಂತ ಅರ್ಥ ಬರುತ್ತದೆ! ಇದನ್ನು ಮಾಡೆಲ್‌ಗೆ ಕಲಿಸಲು ಹೋಗಲಿಲ್ಲ. ಯಾವುದರಿಂದ ಯಾವುದು ಆಗಬಹುದು ಅನ್ನುವ ನಿಯಮಗಳು ಮೊದಲೇ ಇವೆ, ಸಾವಿನ ಕಾರಣಕ್ಕೆ ತಾನಾಗಿಯೇ ಕೋಡ್ ಹಾಕುವ ಐರಿಸ್ ತಂತ್ರಾಂಶ ನಡೆಯುವುದೂ ಅವುಗಳ ಮೇಲೆಯೇ. ನಿಯಮ ಮುಂದೆ, ಮಾಡೆಲ್ ಹಿಂದೆ ಇಟ್ಟೆ.

ವೈದ್ಯರು ಬರೆಯುವ ಸಂಕ್ಷಿಪ್ತ ರೂಪಗಳು ಇನ್ನೊಂದು ತಲೆನೋವು. 'ಎಂಎಸ್' ಅಂದರೆ ಹೃದಯದ ಕವಾಟ ಕಿರಿದಾದದ್ದೂ ಹೌದು, ನರಗಳ ಕಾಯಿಲೆಯೂ ಹೌದು. ಪಕ್ಕದ ಸಾಲು ನೋಡದೆ ಬಿಡಿಸಲಾಗದು.

ಇನ್ನು ಕೆಲವು ದಾಖಲೆಗಳಲ್ಲಿ ಇರುವುದೇ ಎರಡು ಪದ: 'ಹೃದಯ ಸ್ತಂಭನ'. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ! ಮಾಡೆಲ್ ಮಾತ್ರ ಭಾರೀ ಧೈರ್ಯದಿಂದ ಹೃದಯ ಸ್ತಂಭನದ ಕೋಡ್ ಐ46.9 ಹಾಕುತ್ತಿತ್ತು. ಹಾಕಿದ್ದು ತಪ್ಪಲ್ಲ, ಆದರೆ ಅದರಿಂದ ಯಾರಿಗೂ ಏನೂ ತಿಳಿಯದು. ಈಗ ಅಂಥವನ್ನೂ, ಎರಡು ಕೋಡ್‌ಗಳ ನಡುವೆ ಮಾಡೆಲ್ ತೂಗಾಡುವ ದಾಖಲೆಗಳನ್ನೂ ಬೇರೆ ರಾಶಿ ಮಾಡಿ, ಸಾವಿನ ಕಾರಣಕ್ಕೆ ಕೋಡ್ ಹಾಕುವುದರಲ್ಲಿ ಪಳಗಿದವರಿಗೆ ಕೊಡುತ್ತೇನೆ. ಅವರು ಮೊದಲು ಬೆರಳಿಡುವುದು ಡಿ ಸಾಲಿನ ಮೇಲೆ.