ಕಾಫಿ ನಾಲಿಗೆಗೆ ಚಹಾ ರುಚಿಸಬೇಕಾದರೆ

ಕಾಫಿಗೆ ಪಳಗಿದ ನಾಲಿಗೆ ಚಹಾದ ಬಗ್ಗೆ ಮಾಡುವ ದೂರು ಎರಡೇ: ಒಂದೋ ಸಪ್ಪೆ, ಇಲ್ಲವೇ ವಿಪರೀತ ಒಗರು. ಮೊದಲನೆಯದನ್ನು ಸರಿಪಡಿಸಲು ಹೋಗಿಯೇ ಎರಡನೆಯದು ಹುಟ್ಟುತ್ತದೆ. ಸಪ್ಪೆಯಾಯಿತೆಂದು ಎಲೆಯನ್ನು ಎಂಟು-ಹತ್ತು ನಿಮಿಷ ನೀರಿನಲ್ಲೇ ಬಿಟ್ಟರೆ ಒಗರು ಕೊಡುವ ಟ್ಯಾನಿನ್ ಎಂಬ ಅಂಶ ಎಲೆಯಿಂದ ನೀರಿಗೆ ಇಳಿಯುತ್ತಲೇ ಹೋಗುತ್ತದೆ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಕಡಕ್ ಬೇಕೆಂದರೆ ಎಲೆ ಹೆಚ್ಚಿಸಿ, ಹೊತ್ತನ್ನಲ್ಲ.

ಶುರು ಮಾಡಲು ಅಸ್ಸಾಂ ಕಪ್ಪು ಚಹಾ ಒಳ್ಳೆಯದು, ಅದಕ್ಕೆ ಮೈಯಿದೆ, ಅಂದರೆ ಬಾಯಲ್ಲಿ ತೆಳುವೆನಿಸದು. 200 ಮಿ.ಲೀ. ನೀರಿಗೆ 2.5 ಗ್ರಾಂ ಎಲೆ. ಚಮಚದ ಅಳತೆ ನಂಬಬೇಡಿ: ಸಿಟಿಸಿ ಹರಳು (ಯಂತ್ರದಲ್ಲಿ ಜಜ್ಜಿ ಸಣ್ಣ ಕಾಳಾಗಿಸಿದ ಚಹಾ) ಒಂದು ಚಮಚದಲ್ಲಿ ತೂಗುವಷ್ಟನ್ನು ಉದ್ದೆಲೆ ಎರಡು ಚಮಚದಲ್ಲೂ ತೂಗದೇ ಇರಬಹುದು. ಪಾತ್ರೆಗೆ ಮೊದಲು ಬಿಸಿನೀರು ಹಾಕಿ ಚೆಲ್ಲಿ. ಎಲೆ ಹಾಕಿ, ಕುದಿಯುತ್ತಿರುವ ನೀರು ಸುರಿದು, ಮುಚ್ಚಳ ಮುಚ್ಚಿ. ಹರಳಿಗೆ 3 ನಿಮಿಷ, ಉದ್ದೆಲೆಗೆ 4. ಆಮೇಲೆ ಪೂರ್ತಿ ಸೋಸಿಬಿಡಿ. ಅರ್ಧ ಬಗ್ಗಿಸಿಕೊಂಡು ಉಳಿದದ್ದನ್ನು ಎಲೆಯ ಜೊತೆ ಬಿಟ್ಟರೆ ಎರಡನೇ ಲೋಟ ಕುಡಿಯಲಾಗದು. ಒಗರು ಇನ್ನೂ ಕಾಡಿದರೆ 20–30 ಮಿ.ಲೀ. ಹಾಲು ಸೇರಿಸಿ. ಹಾಲಿನ ಕೇಸೀನ್ ಎಂಬ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ.

ಎರಡನೇ ಹಂತಕ್ಕೆ ಹುರಿದ ಚಹಾ. ಜಪಾನಿನ ಹೋಜಿಚಾ ಹಸಿರು ಚಹಾವೇ, ಆದರೆ ಹುರಿದದ್ದು; ಕಾಫಿ ಬೀಜ ಹುರಿದಾಗ ಬರುವ ಘಮದ ನೆಂಟಸ್ತಿಕೆ ಇದರಲ್ಲಿದೆ. ಕುದಿನೀರು ಸಾಕು, ಒಂದು ನಿಮಿಷಕ್ಕೆ ಸೋಸಿ. ದಪ್ಪ, ಮಣ್ಣುಗಂಪು ಇಷ್ಟವಾದರೆ ಚೀನಾದ ಯುನ್ನಾನಿನ ಪಕ್ವ ಪು-ಎರ್ಹ್ (ಹುದುಗಿಸಿದ ಚಹಾ) ನೋಡಿ. ಅದರ ಎಲೆಯನ್ನು ಮೊದಲು ಹತ್ತು ಸೆಕೆಂಡು ಕುದಿನೀರಿನಲ್ಲಿ ತೊಳೆದು ಆ ನೀರು ಚೆಲ್ಲಬೇಕು. ಒಗರು ಕಡಿಮೆ, ಮೂರು-ನಾಲ್ಕು ಸಲ ನೀರು ಹಾಕಬಹುದು.

ಹಸಿರು ಚಹಾ ಕೊನೆಗಿರಲಿ. ಬಹಳ ಮಂದಿ ಅಲ್ಲಿಂದಲೇ ಶುರುಮಾಡಿ ಅಲ್ಲಿಯೇ ಕೈಬಿಡುತ್ತಾರೆ. ತಪ್ಪು ಎಲೆಯದ್ದಲ್ಲ, ಕುದಿನೀರಿನದು. ಬೇಕಾದದ್ದು 75–80 ಡಿಗ್ರಿ, 2 ನಿಮಿಷ. ಥರ್ಮಾಮೀಟರ್ ಇಲ್ಲವೇ? ಕುದಿದ ನೀರನ್ನು ತಣ್ಣನೆಯ ಪಾತ್ರೆಗೆ ಬಗ್ಗಿಸಿದಾಗಲೆಲ್ಲ ಸುಮಾರು 10 ಡಿಗ್ರಿ ಇಳಿಯುತ್ತದೆ. ಎರಡು ಸಲ ಬಗ್ಗಿಸಿ.

ಕಾಫಿಯನ್ನು ಒಂದೇ ದಿನಕ್ಕೆ ಬಿಡಬೇಡಿ. 240 ಮಿ.ಲೀ. ಕಾಫಿಯಲ್ಲಿ ಸುಮಾರು 95 ಮಿ.ಗ್ರಾಂ ಕೆಫೀನ್ ಇದ್ದರೆ ಅಷ್ಟೇ ಕಪ್ಪು ಚಹಾದಲ್ಲಿ ಅದರ ಅರ್ಧದಷ್ಟು. ಥಟ್ಟನೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಬಹುದು, ಬೈಗುಳ ಪಾಪದ ಚಹಾಕ್ಕೆ. ಬೆಳಗಿನ ಕಾಫಿ ಹಾಗೇ ಇರಲಿ, ಮಧ್ಯಾಹ್ನದ್ದನ್ನು ಮೊದಲು ಬದಲಿಸಿ.

ಚಹಾದ ಮೇಲೆ ಕೆನೆಯಂತೆ ಪದರ ಕಟ್ಟಿದರೆ ನೀರು ಗಡಸು ಎಂದರ್ಥ. ಗಡಸುತನ ತಗ್ಗಿಸುವ ಫಿಲ್ಟರಿನ ನೀರು ಬಳಸಿ. ಕಾಫಿ ಪುಡಿಯ ಡಬ್ಬಿಯ ಪಕ್ಕ ಚಹಾ ಇಡಬೇಡಿ, ಎಲೆ ವಾಸನೆ ಹೀರಿಕೊಳ್ಳುತ್ತದೆ. ಕಾಫಿ ತುಂಬುತ್ತಿದ್ದ ಫ್ಲಾಸ್ಕೂ ಬೇಡ.