ರಿಯಾಕ್ಟ್ ಕಲಿಯುವವರಿಗೆ: ಸ್ಟೇಟ್‌ನಲ್ಲಿ ಏನಿಡಬೇಕು, ಏನಿಡಬಾರದು

ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ರಿಯಾಕ್ಟ್ ಕಲಿಯಲು ಕೂತವರು ಕಾಂಪೊನೆಂಟ್ (ಪುಟದ ಒಂದು ಭಾಗವನ್ನು ಕಟ್ಟುವ ಕೋಡ್ ತುಣುಕು) ಬರೆಯುವುದನ್ನು ಬೇಗ ಹಿಡಿದುಬಿಡುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಸ್ಟೇಟ್‌ನಲ್ಲಿ, ಅಂದರೆ ಕಾಂಪೊನೆಂಟ್ ನೆನಪಿಟ್ಟುಕೊಳ್ಳುವ, ಬದಲಾದಾಗ ಸ್ಕ್ರೀನನ್ನೂ ಬದಲಿಸುವ ಮಾಹಿತಿಯಲ್ಲಿ. ಅದೊಂದು ಸರಿಯಾಗಿ ಕೂತರೆ ಅರ್ಧ ತಲೆನೋವು ಹೋಯಿತು.

ಮೊದಲು ನೋಡ್ (ಕಂಪ್ಯೂಟರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಹಾಕಿಕೊಂಡು ವೀಟ್ ಎಂಬ ಸಾಧನದಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿ, ರಿಯಾಕ್ಟ್ ಟೆಂಪ್ಲೇಟ್ ಆರಿಸಿ. ಹಳೆ ವಿಡಿಯೊಗಳು ಕ್ರಿಯೇಟ್ ರಿಯಾಕ್ಟ್ ಆ್ಯಪ್ ಬಳಸಿ ಅನ್ನುತ್ತವೆ, ಆದರೆ 2025ರ ಫೆಬ್ರುವರಿಯಲ್ಲಿ ರಿಯಾಕ್ಟ್ ತಂಡವೇ ಅದನ್ನು ಹೊಸ ಆ್ಯಪ್‌ಗಳಿಗೆ ಬೇಡ ಅಂದಿದೆ. ಕ್ಲಾಸ್ ಆಗಿ ಬರೆಯುವ ಹಳೇ ಬಗೆಯ ಕಾಂಪೊನೆಂಟ್ ಕೂಡ ಈಗಲೇ ಬೇಡ. 2019ರಲ್ಲಿ 16.8ನೇ ಆವೃತ್ತಿಯಲ್ಲಿ ಹುಕ್ಸ್ (ಫಂಕ್ಷನ್ ಕಾಂಪೊನೆಂಟ್‌ನಲ್ಲೂ ಸ್ಟೇಟ್‌ನಂಥವನ್ನು ಬಳಸಲು ಬಿಡುವ ವಿಶೇಷ ಫಂಕ್ಷನ್‌ಗಳು) ಬಂದ ಮೇಲೆ ಕಾಂಪೊನೆಂಟನ್ನು ಫಂಕ್ಷನ್ ಆಗಿ ಬರೆದರೆ ಸಾಕು.

ಈಗ ಹೋಟೆಲ್ ಆರ್ಡರ್ ಪುಟ ಮಾಡೋಣ. ಇಡ್ಲಿ, ವಡೆ, ಕಾಫಿ. ಪ್ರತಿ ಸಾಲಲ್ಲೂ ಹೆಸರು, ದರ, ಪ್ಲಸ್ ಮತ್ತು ಮೈನಸ್ ಬಟನ್, ಕೆಳಗೆ ಒಟ್ಟು ಬಿಲ್. ಒಂದು ಸಾಲು ಒಂದು ಕಾಂಪೊನೆಂಟ್. ಅದೇ ಕಾಂಪೊನೆಂಟನ್ನು, ಪಟ್ಟಿಯ ಪ್ರತಿಯೊಂದಕ್ಕೂ ಒಂದೇ ಕೆಲಸ ಮಾಡುವ ಮ್ಯಾಪ್‌ನಿಂದ, ಎಲ್ಲ ತಿಂಡಿಗೂ ಬಳಸಿ.

ಇಲ್ಲಿ ಬದಲಾಗುವುದು ಏನು? ಯಾವ ತಿಂಡಿ ಎಷ್ಟು ಅನ್ನುವ ಎಣಿಕೆ ಮಾತ್ರ. ಅಷ್ಟನ್ನೇ ಸ್ಟೇಟ್ ಇಡುವ ಹುಕ್ ಆದ ಯೂಸ್‌ಸ್ಟೇಟ್‌ನಲ್ಲಿಡಿ. ಒಟ್ಟು ಬಿಲ್‌ಗೆ ಇನ್ನೊಂದು ಸ್ಟೇಟ್ ಮಾಡಬೇಡಿ, ಅದನ್ನು ಯೂಸ್‌ಎಫೆಕ್ಟ್‌ನಲ್ಲಿ (ರೆಂಡರ್ ಆದ ಮೇಲೆ ಓಡುವ ಹುಕ್) ಲೆಕ್ಕ ಹಾಕಿ ತುಂಬಿಸುವುದಂತೂ ಬೇಡವೇ ಬೇಡ, ಯಾಕೆಂದರೆ ಎಣಿಕೆ ಬದಲಾದಾಗ ರಿಯಾಕ್ಟ್ ಮೊದಲು ಹಳೇ ಮೊತ್ತದ ಜೊತೆ ಒಮ್ಮೆ ರೆಂಡರ್ ಮಾಡಿ (ಕಾಂಪೊನೆಂಟ್ ಓಡಿಸಿ ಪುಟ ತಯಾರಿಸಿ), ಆಮೇಲೆ ಹೊಸ ಮೊತ್ತಕ್ಕೆ ಮತ್ತೊಮ್ಮೆ ರೆಂಡರ್ ಮಾಡಬೇಕಾಗುತ್ತದೆ. ಕಾಂಪೊನೆಂಟ್ ಒಳಗೇ ಎಣಿಕೆಗೆ ದರ ಗುಣಿಸಿ ಕೂಡಿಸಿ. ಸಾಮಾನ್ಯ ವೇರಿಯೇಬಲ್ ಸಾಕು, ಅಲ್ವಾ?

ಎಣಿಕೆ ಎಲ್ಲಿರಬೇಕು ಅನ್ನುವುದೂ ಮುಖ್ಯ. ಪ್ರತಿ ಸಾಲೂ ತನ್ನ ಎಣಿಕೆಯನ್ನು ತನ್ನಲ್ಲೇ ಇಟ್ಟುಕೊಂಡರೆ ಬಿಲ್ ಲೆಕ್ಕ ಹಾಕುವ ಕಾಂಪೊನೆಂಟ್‌ಗೆ ಅದು ಕಾಣುವುದಿಲ್ಲ. ಹಾಗಾಗಿ ಸ್ಟೇಟ್ ಮೇಲಿನ ಕಾಂಪೊನೆಂಟ್‌ನಲ್ಲಿರಲಿ. ಸಾಲಿಗೆ ಎಣಿಕೆಯನ್ನೂ ಅದನ್ನು ಬದಲಿಸುವ ಫಂಕ್ಷನನ್ನೂ ಪ್ರಾಪ್ಸ್ (ಮೇಲಿನ ಕಾಂಪೊನೆಂಟ್ ಒಳಗಿನದಕ್ಕೆ ಕೊಡುವ ಮಾಹಿತಿ) ಆಗಿ ಕಳಿಸಿ.

ಬದಲಿಸುವಾಗ ಹಳೇ ಆಬ್ಜೆಕ್ಟನ್ನೇ ತಿದ್ದಬೇಡಿ. ಅದೇ ಆಬ್ಜೆಕ್ಟ್ ವಾಪಸ್ ಕೊಟ್ಟರೆ ರಿಯಾಕ್ಟ್ ಏನೂ ಬದಲಾಗಿಲ್ಲ ಅಂದುಕೊಂಡು ಸ್ಕ್ರೀನ್ ಮುಟ್ಟುವುದಿಲ್ಲ. ಬಟನ್ ಕೆಲಸ ಮಾಡ್ತಿಲ್ಲ ಅಂತ ಗಂಟೆಗಟ್ಟಲೆ ಹುಡುಕುವುದು ಇದರಿಂದಲೇ ಜಾಸ್ತಿ. ಮೂರು ಚುಕ್ಕಿಯ ಸ್ಪ್ರೆಡ್‌ನಿಂದ ನಕಲು ಮಾಡಿ, ಅದರಲ್ಲಿ ಬೇಕಾದ್ದನ್ನು ಬದಲಿಸಿ. ಹೊಸ ಎಣಿಕೆ ಹಳೆಯದರ ಮೇಲೆ ನಿಂತಿದ್ದರೆ, ಸ್ಟೇಟ್ ಬದಲಿಸಲು ಯೂಸ್‌ಸ್ಟೇಟ್ ಕೊಡುವ ಸೆಟ್ ಫಂಕ್ಷನ್‌ಗೆ ನೇರ ಎಣಿಕೆ ಕೊಡುವ ಬದಲು, ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಡುವ ಒಂದು ಫಂಕ್ಷನ್ ಕೊಡಿ. ಇಲ್ಲದಿದ್ದರೆ ಒಂದೇ ಕ್ಲಿಕ್‌ನಲ್ಲಿ ಎರಡು ಸಲ "ಎಣಿಕೆ ಪ್ಲಸ್ ಒಂದು" ಅಂತ ಬರೆದರೂ ಏರುವುದು ಒಂದೇ.

ಪ್ರತಿ ಸಾಲನ್ನು ರಿಯಾಕ್ಟ್ ಗುರುತಿಸಲೆಂದು ಕೀ ಕೊಡುವಾಗ ಸುಮ್ನೆ ಇಂಡೆಕ್ಸ್ (ಪಟ್ಟಿಯಲ್ಲಿನ ಕ್ರಮಸಂಖ್ಯೆ) ಹಾಕಬೇಡಿ, ತಿಂಡಿಯ ಐಡಿ ಹಾಕಿ. ಸಾಲಿನೊಳಗೆ "ಸಕ್ಕರೆ ಕಮ್ಮಿ" ಅಂತ ಬರೆಯುವ ಪೆಟ್ಟಿಗೆ ಇದ್ದು, ಮೇಲಿನ ಸಾಲು ಅಳಿಸಿದರೆ, ಇಂಡೆಕ್ಸ್ ಕೀ ಇದ್ದಾಗ ಆ ಬರಹ ಬೇರೆ ತಿಂಡಿಗೆ ಹೋಗಿ ಕೂರುತ್ತದೆ.

ಪುಟ ರಿಫ್ರೆಶ್ ಮಾಡಿದರೂ ಆರ್ಡರ್ ಉಳಿಯಬೇಕಾ? ಹಾಗಾದರೆ ಯೂಸ್‌ಎಫೆಕ್ಟ್ ಬಳಸಿ. ಬ್ರೌಸರ್‌ನಲ್ಲಿ ಮಾಹಿತಿ ಉಳಿಸಿಡುವ ಲೋಕಲ್ ಸ್ಟೋರೇಜ್ ರಿಯಾಕ್ಟ್‌ನ ಹೊರಗಿನದು, ಹೊರಗಿನದರ ಜೊತೆ ಹೊಂದಿಸಲೆಂದೇ ಈ ಹುಕ್ ಇರುವುದು. ಎಣಿಕೆಯನ್ನು ಡಿಪೆಂಡೆನ್ಸಿ ಪಟ್ಟಿಯಲ್ಲಿ (ಯಾವುದು ಬದಲಾದರೆ ಎಫೆಕ್ಟ್ ಮತ್ತೆ ಓಡಬೇಕು ಅನ್ನುವ ಪಟ್ಟಿ) ಹಾಕಿ, ಬದಲಾದಾಗಲೆಲ್ಲ ಲೋಕಲ್ ಸ್ಟೋರೇಜ್‌ನಲ್ಲಿ ಬರೆದಿಡಿ. ಓದುವುದನ್ನು ಮಾತ್ರ ಯೂಸ್‌ಸ್ಟೇಟ್‌ಗೆ ಕೊಡುವ ಆರಂಭದ ಫಂಕ್ಷನ್‌ನಲ್ಲಿ ಮಾಡಿ. ಡೆವಲಪ್‌ಮೆಂಟ್‌ನಲ್ಲಿ, ತಪ್ಪು ಬೇಗ ಕಾಣಲೆಂದು ಇರುವ ಸ್ಟ್ರಿಕ್ಟ್ ಮೋಡ್ ಇದ್ದರೆ ಎಫೆಕ್ಟ್ ಶುರುವಿನಲ್ಲಿ ಎರಡು ಸಲ ಓಡುತ್ತದೆ, ಗಾಬರಿ ಬೇಡ, ಬಿಲ್ಡ್ ಮಾಡಿದ ಆ್ಯಪ್‌ನಲ್ಲಿ ಹಾಗಾಗುವುದಿಲ್ಲ.